ಪಕ್ಷದ ಪಂಚಮಿ

ಐದನೇ ಇಯತ್ತೆಯ ಭೂಗೋಲದಲ್ಲಿ ‘ಉತ್ತರ ಹಿಂದೂಸ್ಥಾನ ಮತ್ತು ದಕ್ಷಿಣ ಹಿಂದೂಸ್ಥಾನ’ ಎಂಬ ಪಾಠವೊಂದಿತ್ತು. ಕುಲಗೋಡದ ಸಾಲೆಯಲ್ಲಿ ಹನ್ನೆರಡು ವರ್ಷ ಅದನ್ನು ಕಲಿಸಿದ ಮಾಸ್ತರ ನಾನು. ಹಲಗೆಯ ನಡುವೆ ಉದ್ದಕ್ಕೆ ಗೆರೆ ಎಳೆದು ಎಡಕ್ಕೆ ಅವರದು, ಬಲಕ್ಕೆ ನಮ್ಮದು ಎಂದು ಬರೆಯುತ್ತಿದ್ದೆ. ಅಲ್ಲಿ ಹಿಮ ಕರಗಿ ವರ್ಷವಿಡೀ ಹರಿಯುವ ಹೊಳೆಗಳು, ಇಲ್ಲಿ ಮಳೆಯಾದರೆ ಮಾತ್ರ ತುಂಬುವ ಹೊಳೆಗಳು. ಅಲ್ಲಿ ಗೋದಿ, ಇಲ್ಲಿ ಜೋಳ. ಅಲ್ಲಿ ವಿಕ್ರಮ ಶಕೆ, ಇಲ್ಲಿ ಶಾಲಿವಾಹನ ಶಕೆ. ಧ್ರುವ ನಕ್ಷತ್ರ ಕಾಶಿಯಲ್ಲಿ ನೆಲದಿಂದ ಇಪ್ಪತ್ತೈದು ಅಂಶ ಮೇಲೆ, ನಮ್ಮ ಕುಲಗೋಡದಲ್ಲಿ ಬರೀ ಹದಿನಾರು. ಮಕ್ಕಳು ರಾಗ ಹಾಕಿ ಬಾಯಿಪಾಠ ಮಾಡುತ್ತಿದ್ದರು. ಅವರಿಗಿಂತ ನನಗೇ ಆ ಪಾಠದ ಮೇಲೆ ಹೆಚ್ಚು ಪ್ರೀತಿ. ಯಾರಾದರೂ “ಕಾಶಿ ನೋಡೀರೇನ್ರಿ ಮಾಸ್ತರ?” ಎಂದು ಕೇಳಿದರೆ ಮಾತ್ರ ನನಗೆ ಸಿಟ್ಟು ನೆತ್ತಿಗೇರುತ್ತಿತ್ತು. ನಾನು ಮೀರಜ ದಾಟಿದವನಲ್ಲ.

ನನ್ನ ಊರು ಹುಕ್ಕೇರಿ. ಹೆಂಡತಿ ಮೊದಲ ಹೆರಿಗೆಯಲ್ಲೇ ತೀರಿಕೊಂಡಳು, ಕೂಸೂ ಉಳಿಯಲಿಲ್ಲ. ಆಮೇಲೆ ಆ ಮನೆಯಲ್ಲಿರಲು ಮನಸ್ಸಾಗದೆ ವರ್ಗ ಮಾಡಿಸಿಕೊಂಡು ಕುಲಗೋಡಕ್ಕೆ ಬಂದೆ. ಸಾಲೆಯ ಹಿಂದೆ ಒಂದು ಕೋಲಿ, ಒಂದು ಒಲೆ, ಒಂದು ಹೊರಸು, ಅಷ್ಟೇ ನನ್ನ ಸಂಸಾರ. ಸಂಜೆ ಗಂಟೆ ಬಾರಿಸಿ ಮಕ್ಕಳು ಮನೆಗೆ ಓಡಿದರೆ ಮರುದಿನದ ಗಂಟೆಯವರೆಗೆ ನನ್ನ ಜೊತೆ ಮಾತಾಡುವವರಿರಲಿಲ್ಲ. ನನಗೆ ಮಾಲಿಂಗಪ್ಪ ಎಂಬ ಹೆಸರಿದೆ ಎನ್ನುವುದನ್ನು ಊರು ಮರೆತೇಬಿಟ್ಟಿತ್ತು.

ಆದರೆ ಮರಾಠಿ ಬಲ್ಲವನು, ಬಾಳಬೋಧ ಎನ್ನುವ ನಾಗರಿ ಅಕ್ಷರ ಓದುವವನು ಊರಿನಲ್ಲಿ ನಾನೊಬ್ಬನೇ. ಕಚೇರಿಯ ಕಾಗದ ಬಂದರೆ, ಮುಂಬಯಿಯ ಗಿರಣಿಯಿಂದ ಮಗನ ಪತ್ರ ಬಂದರೆ, ಜನ ನನ್ನ ಬಾಗಿಲಿಗೇ ಬರಬೇಕಿತ್ತು. ಅಂಥ ದಿನ ನನಗೆ ಒಂದು ರೊಟ್ಟಿ ಹೆಚ್ಚು ಸೇರುತ್ತಿತ್ತು. ಈ ಒಣ ಹೆಮ್ಮೆಯೇ ಮುಂದೆ ಒಬ್ಬ ಹೆಣ್ಣುಮಗಳ ಎಂಟು ವರ್ಷವನ್ನು ನುಂಗಿ ನೀರು ಕುಡಿಯಿತು.

೧೯೫೪ರ ನವರಾತ್ರಿಯ ನಾಲ್ಕನೆಯ ದಿನ ಲಗಮಪ್ಪ ಒಂದು ಲಕೋಟೆ ಹಿಡಿದು ಸಾಲೆಗೆ ಬಂದ. ಅವನದು ಕುರಿ ಸಾಕಿಕೊಂಡು ಹೊಲ ಮಾಡುವ ಮನೆತನ. ತಮ್ಮ ರಾಯಪ್ಪ ಗೋಕಾಕದ ಗುತ್ತೇದಾರನೊಬ್ಬನ ಕೂಡ ಉತ್ತರದ ಸೀಮೆಗೆ, ಅಲ್ಲೊಂದು ಆಣೆಕಟ್ಟಿನ ಕಲ್ಲು ಕೆಲಸಕ್ಕೆ ಹೋಗಿದ್ದ. ಜೊತೆಗೆ ಹೋದವರೆಲ್ಲ ಬಿತ್ತಿಗೆಯ ಹೊತ್ತಿಗೆ ತಿರುಗಿ ಬಂದರೂ ರಾಯಪ್ಪ ಮಾತ್ರ ದೀಪಾವಳಿಗೆ ಬರುತ್ತೇನೆಂದು ಹೇಳಿ ಕಳಿಸಿ ಅಲ್ಲೇ ಉಳಿದಿದ್ದ. ಲಕೋಟೆಯ ಮೇಲೆ ವಿಳಾಸ ಅರ್ಧಮರ್ಧ ಇತ್ತು. ಎಲ್ಲೆಲ್ಲೋ ಅಲೆದು ಬಂದದ್ದಕ್ಕೆ ಅದರ ಮೈತುಂಬ ಅಂಚೆಯ ಮುದ್ರೆಗಳಿದ್ದವು. ನಾನು ಮುದ್ರೆ ನೋಡಲಿಲ್ಲ, ಒಡೆದು ಒಳಗಿನದನ್ನು ತೆಗೆದೆ.

ಅಲ್ಲಿಯ ಮುನಶಿ ಬರೆದಿದ್ದ. ಭಾಷೆ ಹಿಂದಿ, ಅಕ್ಷರ ಬಾಳಬೋಧ. ಮೇಲೆ ತಾರೀಖು ಇರಲಿಲ್ಲ. ರಾಯಪ್ಪನಿಗೆ ಜ್ವರ ಬಂದು ಏಳು ದಿನ ಮಲಗಿದ್ದ, ಭಾದೋಂ ಬದಿ ಪಂಚಮಿಯ ದಿನ ತೀರಿಕೊಂಡ. ನಿಮ್ಮಲ್ಲಿ ಸುಡುವುದಿಲ್ಲ ಎಂದು ಅವನೇ ಯಾವಾಗಲೋ ಹೇಳಿದ್ದ, ಆದ್ದರಿಂದ ಹೊಳೆಯ ದಂಡೆಯಲ್ಲಿ ಮಣ್ಣು ಮಾಡಿದೆವು. ಇಷ್ಟೇ ಬರೆದದ್ದು.

ಲಗಮಪ್ಪ ಸಾಲೆಯ ಪಾವಟಿಗೆಯ ಮೇಲೆ ಕುಸಿದು ಕುಳಿತ. “ಯಾವತ್ತ ಅಂತ ಬರದಾರ್ರಿ?” ಎಂದ.

“ಭಾದ್ರಪದ ವದ್ಯ ಪಂಚಮಿ,” ಎಂದೆ. ಪಂಚಾಂಗ ನೋಡದೆಯೇ ಬೆರಳ ಮೇಲೆ ಎಣಿಸಿ, “ಪಕ್ಷದ ಪಂಚಮಿ ಅಂದ್ರ ಅನಂತನ ಹುಣ್ಣಿಮಿ ಆಗಿ ಐದನೇ ದಿವಸ. ಇವತ್ತಿಗೆ ಹದಿನಾಲ್ಕು ದಿವಸ ಆತು,” ಎಂದು ಹೇಳಿದೆ. ಅಷ್ಟು ಬೇಗ ಎಣಿಸಿದ್ದಕ್ಕೆ ನನಗೆ ಒಳಗೊಳಗೇ ಸಮಾಧಾನವೂ ಆಯಿತು. ಸಾವಿನ ಸುದ್ದಿ ಹೇಳುವಾಗ ನನ್ನ ಮನಸ್ಸು ಹೀಗಿತ್ತು, ಏನು ಮಾಡಲಿ.

ಲಗಮಪ್ಪ ತಲೆ ಎತ್ತಿದ. “ಅವತ್ತ ಮಾಯವ್ವ ಹೊಸ್ತಿಲಾ ದಾಟಿದ್ಲು,” ಎಂದ.

ಮಾಯವ್ವ ರಾಯಪ್ಪನ ಹೆಂಡತಿ. ಮದುವೆಯಾಗಿ ನಾಲ್ಕು ವರ್ಷ, ಮಕ್ಕಳಾಗಿರಲಿಲ್ಲ. ತವರು ಮಮದಾಪುರ. ಅಲ್ಲಿ ತಾಯಿಗೆ ಜಡ್ಡು ಜೋರಾಗಿದೆ ಎಂದು ಆ ಪಕ್ಷಮಾಸದಲ್ಲಿ ಹೇಳಿಕೆ ಬಂದಿತ್ತು. ಹಿರಿಯರಿಗೆ ಎಡೆ ಇಡುವ ದಿನಗಳಲ್ಲಿ ಸೊಸೆ ಮನೆ ಬಿಟ್ಟು ಹೋಗಬಾರದೆಂದು ಅತ್ತೆ ಉದ್ದವ್ವ ಅಡ್ಡ ನಿಂತಳು. ಮಾಯವ್ವ ಕೇಳದೆ ಹೋದಳು, ಮೂರನೆಯ ದಿನ ತಿರುಗಿ ಬಂದಳು. ಅಷ್ಟಕ್ಕೇ ಒಂದು ವಾರ ಮನೆಯಲ್ಲಿ ಬಿರುಮಾತು ನಡೆದಿತ್ತು. ಈಗ ನನ್ನ ಬೆರಳೆಣಿಕೆ ಆ ಬಿರುಮಾತಿನ ಮೇಲೆ ಹೋಗಿ ಕುಳಿತಿತು. ಹಿರಿಯರು ಮನೆಗೆ ಬರುವ ದಿನ ಸೊಸೆ ಹೊಸ್ತಿಲು ದಾಟಿದಳು, ಅದೇ ದಿನ ಗಂಡ ಸತ್ತ. ಊರಿಗೆ ಇದಕ್ಕಿಂತ ಹೆಚ್ಚಿನ ಸಾಕ್ಷಿ ಬೇಕಿರಲಿಲ್ಲ.

ಅಂದಿನಿಂದ ಉದ್ದವ್ವ ಸೊಸೆಯ ಜೊತೆ ಮಾತು ಬಿಟ್ಟಳು. ಒಂದು ದಿನವಲ್ಲ, ಒಂದು ತಿಂಗಳಲ್ಲ, ಎಂಟು ವರ್ಷ. ಏನಾದರೂ ಹೇಳುವುದಿದ್ದರೆ ಗೋಡೆಗೋ ಎಮ್ಮೆಗೋ ಹೇಳುವಂತೆ ಹೇಳುತ್ತಿದ್ದಳು. ಮಾಯವ್ವನ ಒಲೆ ಕುರಿದೊಡ್ಡಿಯ ಪಕ್ಕದ ಚಪ್ಪರಕ್ಕೆ ಬಂತು. ಅಲ್ಲೇ ಕುಳಿತು ರಾಟಿಯಲ್ಲಿ ಉಣ್ಣೆ ನೂಲುತ್ತಿದ್ದಳು, ಅಲ್ಲೇ ಮಲಗುತ್ತಿದ್ದಳು. ಆ ವರ್ಷವೇ ತಾಯಿ ಸತ್ತಳು. ಅಣ್ಣ ಎರಡು ಸಲ ಬಂದು ಕರೆದರೂ ಆಕೆ ಹೋಗಲಿಲ್ಲ. ಬಲು ಹಟದ ಹೆಣ್ಣು ಎಂದು ಊರು ಮಾತಾಡಿಕೊಂಡಿತು, ನಾನೂ ಹಾಗೇ ತಿಳಿದಿದ್ದೆ. ಹೋದರೆ ತಪ್ಪು ಒಪ್ಪಿಕೊಂಡಂತಾಗುತ್ತದೆಂದು ಹಟ ಹಿಡಿದಿದ್ದಾಳೆ ಅನ್ನುವುದು ನನ್ನ ಲೆಕ್ಕಾಚಾರ.

ಪ್ರತಿ ವರ್ಷ ಪಕ್ಷದ ಪಂಚಮಿಗೆ ಉದ್ದವ್ವ ಮಗನ ಹೆಸರಲ್ಲಿ ಎಡೆ ಇಡುತ್ತಿದ್ದಳು. ಹೋಳಿಗೆ, ಕಟ್ಟಿನ ಸಾರು, ಹಪ್ಪಳ, ಹಾಲು ತುಪ್ಪ. ಪತ್ರ ಓದಿ ದಿನ ತಿಳಿಸಿದ ಪುಣ್ಯಾತ್ಮ ಎಂದು ಮೊದಲ ತಾಟು ನನಗೆ. ಹುಕ್ಕೇರಿ ಬಿಟ್ಟ ಮೇಲೆ ಒಬ್ಬರ ಮನೆಯವರು ಬಾಗಿಲಿಗೆ ಬಂದು ಕರೆದು, ಎದುರಿಗೆ ಕುಳಿತು, ಇನ್ನೊಂದು ಹಾಕಿಸಿಕೊಳ್ಳಿ ಎಂದು ಬಡಿಸುತ್ತಿದ್ದ ಊಟ ವರ್ಷಕ್ಕೆ ಅದೊಂದೇ. ನಾನು ಅದರ ದಾರಿ ಕಾಯುತ್ತಿದ್ದೆ. ಮಾಯವ್ವ ಆ ದಿನ ಉಪವಾಸ. ಎಡೆಯ ಸಾಮಾನನ್ನು ಆಕೆ ಮುಟ್ಟುವಂತಿರಲಿಲ್ಲ. ನಾನು ಉಣ್ಣುವಾಗ ದೊಡ್ಡಿಯ ಕಡೆಯಿಂದ ರಾಟಿಯ ಸದ್ದು ಕೇಳುತ್ತಿತ್ತು. ಪಾಪ ಎನ್ನಿಸುತ್ತಿತ್ತು. ಪಾಪ ಎನ್ನುತ್ತಲೇ ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳುತ್ತಿದ್ದೆ.

ಹೀಗೆ ಏಳು ಪಕ್ಷ ಉಂಡೆ. ಈ ನಡುವೆ ಮುಂಬಯಿ ಇಲಾಖೆ ಹೋಗಿ ಮೈಸೂರು ರಾಜ್ಯ ಬಂತು, ಪುಸ್ತಕಗಳು ಬದಲಾದವು, ಭೂಗೋಲದ ನಕಾಶೆಯಲ್ಲಿ ಮುಂಬಯಿಗೆ ದಕ್ಷಿಣವಾಗಿದ್ದ ನಾವು ಮೈಸೂರಿಗೆ ಉತ್ತರವಾದೆವು. ನನ್ನ ಪಾಠ ಮಾತ್ರ ಹಾಗೇ ಇತ್ತು.

೧೯೬೨ರ ಗೋಕುಲಾಷ್ಟಮಿಯ ದಿನ ಅಂಗಿಯ ಅರಿವೆ ತರಲು ಗೋಕಾಕಕ್ಕೆ ಹೋಗಿದ್ದೆ. ಪೇಟೆಯಲ್ಲಿ ಒಬ್ಬ ಮಾರವಾಡಿಯ ಅರಿವೆ ಅಂಗಡಿ. ಮುದುಕ ಶೇಠ ಉಪವಾಸವಿದ್ದು ಬಾಡಿದ ಮುಖದಲ್ಲಿ ಗಾದಿಯ ಮೇಲೆ ಕುಳಿತು ತನ್ನ ಊರಿಗೆ ಕಾರ್ಡು ಬರೆಯುತ್ತಿದ್ದ. ಅಕ್ಷರ ಕಂಡಲ್ಲಿ ಬಗ್ಗಿ ನೋಡುವುದು ನನ್ನ ಚಟ. ಕಾರ್ಡಿನ ತಲೆಗೆ ‘ಭಾದವಾ ಬದಿ ೮’ ಎಂದು ಬರೆದಿದ್ದ.

ನನ್ನೊಳಗಿನ ಮಾಸ್ತರ ಸುಮ್ಮನಿರುತ್ತಾನೆಯೆ? “ಶೇಠಜಿ, ತಪ್ಪ ಬರದೀರಿ. ಇವತ್ತ ಶ್ರಾವಣ ವದ್ಯ ಅಷ್ಟಮಿ. ಭಾದ್ರಪದ ಇನ್ನೂ ಹುಟ್ಟೇ ಇಲ್ಲ,” ಎಂದೆ.

ಶೇಠ ನಕ್ಕ. “ನಿಮಗ ಹುಟ್ಟಿಲ್ಲ ಮಾಸ್ತರ, ನಮಗ ಹುಟ್ಟಿ ಎಂಟ ದಿನಾ ಆತು. ನಿಮ್ಮ ತಿಂಗಳಾ ಅಮಾಸಿಗೆ ಮುಗೀತೈತಿ. ನಮ್ಮ ದೇಶದಾಗ ಹುಣ್ಣಿಮಿಗೆ ಮುಗೀತೈತಿ. ಮಾರವಾಡ ಆಗಲಿ, ಕಾಶಿ ಆಗಲಿ, ಆ ಕಡೆ ಎಲ್ಲಾ ಹಂಗ.”

“ಎಲ್ಲಾ ಕಡೆ?”

“ಆ ಕಡೆ ಎಲ್ಲಾ. ಬೆಳುದಿಂಗಳ ಶುದ್ಧದಾಗ ನಿಮ್ಮದೂ ನಮ್ಮದೂ ಒಂದ. ಕತ್ತಲ ವದ್ಯ ಬಂತಂದ್ರ ನಾವು ಒಂದ ತಿಂಗಳಾ ಮುಂದಿನ ಹೆಸರು ಹೇಳ್ತೇವಿ. ಇಷ್ಟ ವರ್ಷ ಸಾಲಿ ಕಲಿಸೀರಿ, ಇದು ಗೊತ್ತಿಲ್ಲೇನ್ರಿ?”

ಅರಿವೆ ಅಲ್ಲೇ ಬಿಟ್ಟು ಹೊರಗೆ ಬಂದೆ. ಬಿಸಿಲಲ್ಲಿ ನಿಂತು ಮತ್ತೆ ಮತ್ತೆ ಬೆರಳು ಮಡಿಚಿದೆ. ರಾಯಪ್ಪ ಬೆಳುದಿಂಗಳ ಪಕ್ಷದಲ್ಲಿ ಸತ್ತಿದ್ದರೆ ನನ್ನಿಂದ ಏನೂ ಕೆಡುತ್ತಿರಲಿಲ್ಲ. ಕತ್ತಲ ಪಕ್ಷದಲ್ಲಿ ಸತ್ತ. ಮುನಶಿ ಭಾದೋಂ ಎಂದರೆ ಅದು ನಮ್ಮ ಶ್ರಾವಣ. ರಾಯಪ್ಪ ತೀರಿಕೊಂಡಾಗ ಊರಲ್ಲಿ ಇನ್ನೂ ಗಣಪತಿ ಕೂಡ್ರಿಸಿರಲಿಲ್ಲ. ಮಾಯವ್ವ ಹೊಸ್ತಿಲು ದಾಟುವ ಹೊತ್ತಿಗೆ ಅವನು ಮಣ್ಣಾಗಿ ಸರಿಯಾಗಿ ಒಂದು ತಿಂಗಳಾಗಿತ್ತು. ಹನ್ನೆರಡು ವರ್ಷ ಹಲಗೆಯ ಮೇಲೆ ಉತ್ತರ ದಕ್ಷಿಣಗಳ ವ್ಯತ್ಯಾಸ ಬರೆದ ನನಗೆ ಬೇಕಾಗಿದ್ದ ಒಂದೇ ಒಂದು ವ್ಯತ್ಯಾಸ ಗೊತ್ತಿರಲಿಲ್ಲ. ಗೊತ್ತಿಲ್ಲ ಎನ್ನುವುದೂ ಗೊತ್ತಿರಲಿಲ್ಲ.

ಆ ಸಂಜೆಯೇ ಹೋಗಿ ಹೇಳಿದೆ ಎಂದು ಬರೆದರೆ ಚೆನ್ನಾಗಿರುತ್ತದೆ. ಹೇಳಲಿಲ್ಲ. ಹತ್ತು ದಿನ ಕೋಲಿಯಲ್ಲಿ ಕುಳಿತು ನನಗೆ ನಾನೇ ವಕೀಲಿ ಮಾಡಿದೆ. ಎಂಟು ವರ್ಷದ ಮಾತು, ಈಗ ಕೆದಕಿ ಯಾರಿಗೇನು ಲಾಭ ಅಂದುಕೊಂಡೆ. ಶೇಠ ತಪ್ಪು ಹೇಳಿರಬಹುದು ಅಂದುಕೊಂಡೆ. ನಿಜವಾದ ಹೆದರಿಕೆ ಬೇರೆ ಇತ್ತು. ಮಾಸ್ತರನ ಓದು ತಪ್ಪು ಎಂದು ಗೊತ್ತಾದರೆ ನಾಳೆಯಿಂದ ಯಾರು ಕಾಗದ ತರುತ್ತಾರೆ? ವರ್ಷಕ್ಕೊಂದು ಸಲ ಕರೆಯುವ ಆ ಒಂದು ಮನೆಯೂ ಹೋಗುತ್ತದೆ. ಸಂಜೆಗಳು ಮೊದಲೇ ಉದ್ದ, ಆ ಹತ್ತು ದಿನ ಇನ್ನೂ ಉದ್ದವಾದವು.

ಹನ್ನೊಂದನೆಯ ದಿನ, ಭಾನುವಾರ, ಮಾಯವ್ವನ ಚಪ್ಪರಕ್ಕೆ ಹೋದೆ. ಕುರಿಗಳು ಮೇಯಲು ಹೋಗಿದ್ದವು. ಆಕೆ ಉ‌ಣ್ಣೆ ಹಿಂಜುತ್ತಿದ್ದಳು. ಒಂದು ಕಡೆ ಬಿಳಿ, ಒಂದು ಕಡೆ ಕರಿ. ನನ್ನನ್ನು ಕಂಡು ಸೆರಗು ಸರಿ ಮಾಡಿಕೊಂಡು ಎದ್ದು ನಿಂತಳು. ಆ ಚಪ್ಪರಕ್ಕೆ ಯಾರೂ ಬರುತ್ತಿರಲಿಲ್ಲವೆಂದು ಆಕೆಯ ಗಾಬರಿ ನೋಡಿಯೇ ತಿಳಿಯಿತು.

“ಮಾಯವ್ವಾ, ರಾಯಪ್ಪನ ಸುದ್ದಿ ಬಂದಿದ್ದ ಪತ್ರ ಐತೇನು?”

“ಐತ್ರಿ. ಯಾಕ್ರಿ?”

“ಒಮ್ಮೆ ನೋಡಬೇಕಾಗಿತ್ತು.”

ಟ್ರಂಕಿನ ತಳದಿಂದ ಲಕೋಟೆ ತೆಗೆದುಕೊಟ್ಟಳು. ಬಿಸಿಲಿಗೆ ಹಿಡಿದು ಮುದ್ರೆಗಳನ್ನು ಒಂದೊಂದಾಗಿ ನೋಡಿದೆ. ಎಲ್ಲಕ್ಕಿಂತ ಕೆಳಗೆ, ಅರ್ಧ ಅಂಚೆಚೀಟಿಯ ಮೇಲೆ ಅರ್ಧ ಕಾಗದದ ಮೇಲೆ ಬಿದ್ದಿದ್ದ ಮೊದಲ ಮುದ್ರೆಯಲ್ಲಿ ಊರಿನ ಹೆಸರು ಅಳಿಸಿತ್ತು, ತಾರೀಖು ಚೊಕ್ಕಾಗಿತ್ತು. ಸೆಪ್ಟೆಂಬರ್ ನಾಲ್ಕು. ಆ ವರ್ಷದ ಪಕ್ಷದ ಪಂಚಮಿ ಸೆಪ್ಟೆಂಬರ್ ಹದಿನೇಳು ಎಂದು ಹಳೆಯ ಪಂಚಾಂಗದಲ್ಲಿ ಆಗಲೇ ನೋಡಿಕೊಂಡು ಬಂದಿದ್ದೆ. ಹದಿನೇಳರಂದು ಸತ್ತವನ ಸುದ್ದಿಯನ್ನು ನಾಲ್ಕರಂದು ಯಾರೂ ಅಂಚೆಗೆ ಹಾಕುವುದಿಲ್ಲ. ಎಂಟು ವರ್ಷದ ಹಿಂದೆ ಲಕೋಟೆಯನ್ನು ಒಮ್ಮೆ ತಿರುವಿ ನೋಡಿದ್ದರೆ ಸಾಕಿತ್ತು.

ನನ್ನ ತಪ್ಪನ್ನು ಹೇಳಿದೆ. ಹೇಳುವಾಗ ನೆಲ ನೋಡುತ್ತಿದ್ದೆ. ಮುಗಿಸಿ ತಲೆ ಎತ್ತಿದರೆ ಆಕೆ ಇನ್ನೂ ನನ್ನನ್ನೇ ನೋಡುತ್ತಿದ್ದಳು.

“ನನಗ ತಿಳಿಯೂ ಹಂಗ ಹೇಳ್ರಿ,” ಎಂದಳು.

ಅವಳ ಮುಂದಿದ್ದ ಉಣ್ಣೆಯನ್ನೇ ತೆಗೆದುಕೊಂಡೆ. ಬಿಳಿಯದು ಬೆಳುದಿಂಗಳ ಹದಿನೈದು ದಿನ, ಕರಿಯದು ಕತ್ತಲೆಯ ಹದಿನೈದು ದಿನ. ಬಿಳಿ, ಕರಿ, ಬಿಳಿ, ಕರಿ ಎಂದು ನಾಲ್ಕು ಹಂಜಿಗಳನ್ನು ಸಾಲಾಗಿ ಇಟ್ಟೆ. “ನಾವು ಬಿಳೇದರಿಂದ ಸುರು ಮಾಡಿ ಒಂದ ಬಿಳೇದು, ಒಂದ ಕರೇದು ಕೂಡಿಸಿ ತಿಂಗಳಾ ಅಂತೇವಿ. ಮೊದಲಿನ ಎರಡು ಶ್ರಾವಣ, ಆಮ್ಯಾಲಿನ ಎರಡು ಭಾದ್ರಪದ. ಅವರು ಕರೇದರಿಂದ ಸುರು ಮಾಡತಾರ. ಅದಕ್ಕ ಈ ಮೊದಲಿನ ಕರೇದು ನಮಗ ಶ್ರಾವಣದ್ದು, ಅವರಿಗೆ ಭಾದ್ರಪದದ್ದು.”

ಆಕೆ ಮೊದಲ ಕರಿ ಹಂಜಿಯನ್ನು ಬೆರಳಿನಿಂದ ಮುಟ್ಟಿದಳು. “ಅಂವ ಇದರಾಗ ಹೋದ.”

“ಹೌದು.”

ಕೊನೆಯದನ್ನು ಮುಟ್ಟಿದಳು. “ನಾ ಮಮದಾಪುರಕ್ಕ ಹೋಗಿದ್ದ ಇದರಾಗ.”

“ಹೌದು.”

“ನಡುವ ಈ ಬಿಳೇದು ಪೂರಾ ಐತಿ. ಗಣಪತಿ ಕುಂತಿದ್ದು, ಹೋಗಿದ್ದು.” ಅದನ್ನು ಎತ್ತಿ ಅಂಗೈಯಲ್ಲಿ ಇಟ್ಟುಕೊಂಡಳು. “ಅಷ್ಟೂ ದಿವಸ ನಾ ಕುಂಕುಮ ಹಚ್ಚಿಕೊಂಡು ಅಂವನ ದಾರಿ ನೋಡಿದೆ.”

ಆಕೆ ಸಂತೋಷಪಡುತ್ತಾಳೆ ಎಂದುಕೊಂಡಿದ್ದೆ. ಇಲ್ಲವೆ ನನ್ನನ್ನು ಬೈಯುತ್ತಾಳೆ ಎಂದುಕೊಂಡಿದ್ದೆ. ಎರಡಕ್ಕೂ ತಯಾರಾಗಿ ಹೋಗಿದ್ದೆ. ಆಕೆ ಅತ್ತಳು. ಅಳು ನಿಂತ ಮೇಲೆ ಹೇಳಿದ ಮಾತು ನಾನು ಸಾಯುವ ತನಕ ಮರೆಯುವಂಥದ್ದಲ್ಲ.

“ಊರ ಮಂದಿ ಅನ್ನೋದು ಬಿಡ್ರಿ ಮಾಸ್ತರ. ನಾನ ಕೊಂದೇನಂತ ನಾನೂ ನಂಬಿದ್ದೆ. ಅದಕ್ಕ ಅಣ್ಣ ಕರದ್ರೂ ಹೋಗಲಿಲ್ಲ. ಕೊಂದಾಕಿ ಎಲ್ಲಿ ಹೋಗಿ ಏನ ಸುಖಪಡಬೇಕು?”

ಹಟ ಎಂದು ನಾನು ಹೆಸರಿಟ್ಟಿದ್ದು ಇದಕ್ಕೆ. ಆಕೆ ಮುಖ ಒರೆಸಿಕೊಂಡು ಲಕೋಟೆಯನ್ನು ನನ್ನ ಕೈಗೇ ಕೊಟ್ಟಳು.

“ನಾ ಹೇಳಿದ್ರ ಯಾರೂ ಕೇಳೂದಿಲ್ಲ. ಆ ದಿವಸ ನಿಮ್ಮ ಬಾಯಿಂದ ಬಂದದ್ದು, ನಿಮ್ಮ ಬಾಯಿಂದನ ಹೋಗಬೇಕು. ಪಕ್ಷದ ಪಂಚಮಿಗೆ ಮನಿಮಂದಿ ಎಲ್ಲಾ ಕೂಡಿರ್ತಾರ. ಅವತ್ತ ಅತ್ತಿ ಮುಂದ ಹೇಳ್ರಿ.”

“ಹೇಳತೇನಿ,” ಎಂದೆ.

ಪಂಚಮಿಯ ಹಿಂದಿನ ದಿನ ರಜೆಯ ಅರ್ಜಿ ಬರೆದೆ. ಹುಕ್ಕೇರಿಯಲ್ಲಿ ತುರ್ತು ಕೆಲಸ ಎಂದು. ಮರುದಿನ ಬೆಳಿಗ್ಗೆ ಚೀಲ ಹಿಡಿದು ಬಸ್ಸು ನಿಲ್ಲುವಲ್ಲಿಗೂ ಹೋದೆ. ಗೋಕಾಕದ ಬಸ್ಸು ಬಂತು. ಘಟಪ್ರಭಾಕ್ಕೆ ರೈಲು ಹಿಡಿಯುವವರು ನುಗ್ಗಾಡಿ ಹತ್ತಿದರು. ಕಂಡಕ್ಟರ “ಬರ್ರಿ ಮಾಸ್ತರ, ಜಾಗಾ ಐತಿ,” ಎಂದ. ಹುಕ್ಕೇರಿಯಲ್ಲಿ ನನಗೆ ಯಾವ ಕೆಲಸವೂ ಇರಲಿಲ್ಲ, ಯಾರೂ ಇರಲಿಲ್ಲ. ಚೀಲ ಹಿಡಿದು ಕೋಲಿಗೆ ತಿರುಗಿ ಬಂದೆ.

ಮಧ್ಯಾಹ್ನ ಲಗಮಪ್ಪ ಬಂದು ಕರೆದುಕೊಂಡು ಹೋದ. ಪಡಸಾಲೆಯಲ್ಲಿ ಮನೆಯವರು, ಬೀಗರು ಸಾಲಾಗಿ ಕುಳಿತಿದ್ದರು. ಮೂಲೆಯಲ್ಲಿ ರಾಯಪ್ಪನ ಕಂಬಳಿ ಮಡಿಚಿಟ್ಟು ಅದರ ಮುಂದೆ ಎಡೆ ಇಟ್ಟಿದ್ದರು. ನನ್ನ ಮುಂದೆ ಮೊದಲ ತಾಟು ಬಂತು. ಉದ್ದವ್ವ ಎಂದಿನಂತೆ ಎದುರಿಗೆ ಕಂಬಕ್ಕೆ ಒರಗಿ ಕುಳಿತಳು. ಆಕೆಗೆ ಎಪ್ಪತ್ತು ದಾಟಿತ್ತು, ಕಣ್ಣು ಮಂಜಾಗಿದ್ದವು. “ಹೋಳಿಗಿ ಬಿಸಿ ಅದಾವು, ಸುರು ಮಾಡ್ರಿ ಮಾಸ್ತರ,” ಎಂದಳು.

“ಯವ್ವಾ, ಉಣ್ಣೂಕಿಂತ ಮೊದಲ ಒಂದ ಮಾತ ಹೇಳೋದೈತಿ. ರಾಯಪ್ಪ ತೀರಿಕೊಂಡಿದ್ದು ಇವತ್ತಲ್ಲ. ನಾ ಪತ್ರಾ ತಪ್ಪ ಓದಿದ್ದೆ.”

ಮುದುಕಿ ಕಂಬ ಬಿಟ್ಟು ಮುಂದೆ ಬಾಗಿದಳು. ಮುಖದಲ್ಲಿ ಏನೋ ಹೊತ್ತಿಕೊಂಡಿತು. “ತಪ್ಪ ಓದಿದ್ರಿ? ಹಂಗಾರ ನನ್ನ ಮಗಾ ಅದಾನೇನ್ರಿ?”

ನನ್ನ ದಡ್ಡತನಕ್ಕೆ ನಾನೇ ಹಲ್ಲು ಕಚ್ಚಿದೆ. ಎಂಟು ವರ್ಷದ ಮೇಲೆ ಒಬ್ಬ ತಾಯಿಗೆ ಅರೆಕ್ಷಣದ ಆಸೆ ಹುಟ್ಟಿಸಿ ಅದನ್ನೂ ನಾನೇ ಕೊಲ್ಲಬೇಕಾಯಿತು.

“ಇಲ್ಲವ್ವಾ. ಒಂದ ತಿಂಗಳ ಮೊದಲ ತೀರಿಕೊಂಡಿದ್ದ. ಶ್ರಾವಣದಾಗ, ನೂಲ ಹುಣ್ಣಿಮಿ ಆಗಿ ಐದನೇ ದಿವಸ. ಆ ಸೀಮಿಯೊಳಗ ತಿಂಗಳಾ ಎಣಿಸೋ ರೀತಿ ಬ್ಯಾರೆ. ಅದು ನನಗ ಗೊತ್ತಿರಲಿಲ್ಲ.” ಲಕೋಟೆಯನ್ನು ಲಗಮಪ್ಪನಿಗೆ ಕೊಟ್ಟು ಮುದ್ರೆ ತೋರಿಸಿದೆ. “ಮಾಯವ್ವ ಮಮದಾಪುರಕ್ಕ ಹೋಗೋದರಾಗ ಅಂವ ಹೋಗಿ ತಿಂಗಳಾಗಿತ್ತು. ಆಕಿದೇನೂ ತಪ್ಪಿಲ್ಲ. ತಪ್ಪ ನಂದು.”

ಲಗಮಪ್ಪನಿಗೆ ಅಂಕಿ ಓದಲು ಬರುತ್ತಿತ್ತು. ಬಾಗಿಲ ಬೆಳಕಿಗೆ ಹೋಗಿ ಬಹಳ ಹೊತ್ತು ನೋಡಿದ. ತಿರುಗಿ ಬಂದು, “ಖರೇ ಐತಿ,” ಎಂದು ಲಕೋಟೆಯನ್ನು ನೆಲದ ಮೇಲೆ ಇಟ್ಟ. ನನ್ನ ಮುಖ ನೋಡಲಿಲ್ಲ. ದೊಡ್ಡಿಯ ಕಡೆ ರಾಟಿಯ ಸದ್ದು ನಿಂತಿತ್ತು.

ಉದ್ದವ್ವ ಕೇಳಿದ್ದು ಒಂದೇ. “ಹಂಗಾರ ಆ ದಿವಸ ಆಕಿ ಏನ ಮಾಡಿದ್ಲು?”

ನನಗೆ ಸಿಟ್ಟು ಬಂತು. ಒಂದು ದಿನದ ತಪ್ಪು ಕೈಬಿಟ್ಟು ಹೋಯಿತೆಂದು ಇನ್ನೊಂದು ದಿನದ ತಪ್ಪು ಹುಡುಕುತ್ತಿದ್ದಾಳೆ. ಎದ್ದು ನಿಲ್ಲುವವನಿದ್ದೆ. ಅಷ್ಟರಲ್ಲಿ ಹಿತ್ತಲ ಬಾಗಿಲ ಆಚೆ ಮಾಯವ್ವನ ದನಿ ಕೇಳಿಸಿತು. ಆಕೆ ಒಳಗೆ ಬಂದಿರಲಿಲ್ಲ, ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು.

“ಅವತ್ತ ಉಣ್ಣಿ ಕತ್ತರಿಸೋದು ಮುಗಿದಿತ್ತು, ಅತ್ತಿ. ನೂಲ ಹುಣ್ಣಿಮಿ ಆಗಿ ಐದಕ್ಕ ಮುಗಸೋದು ಈ ಮನಿ ಪದ್ಧತಿ. ಮೈತುಂಬ ಉಣ್ಣಿ ಎಳಿ ಹತ್ತಿದ್ದು. ನೀವ ನನ್ನ ಮುಂದ ಕುಂದ್ರಿಸಿಕೊಂಡು ತಲಿಗೆ ಎಣ್ಣಿ ಹಚ್ಚಿ ಎರದ್ರಿ. ದೀಪಾವಳಿಗೆ ನನ್ನ ಮಗಾ ಬರ್ತಾನ, ಅಷ್ಟರಾಗ ಈ ಕೂದಲಾ ಇನ್ನೊಂದ ಗೇಣ ಬೆಳೀಬೇಕು ಅಂದ್ರಿ.”

ಉದ್ದವ್ವ ತನ್ನ ಎರಡೂ ಕೈಗಳನ್ನು ಮಡಿಲಲ್ಲಿ ಮೇಲುಮಾಡಿ ಇಟ್ಟುಕೊಂಡು ನೋಡಿದಳು. ಆ ಕಣ್ಣಿಗೆ ಎಷ್ಟು ಕಾಣುತ್ತಿತ್ತೋ.

“ಹೌದು. ಕುಸಬಿ ಎಣ್ಣಿ,” ಎಂದಳು.

ನನ್ನ ಕಡೆ ತಿರುಗಿದಳು. ಸಿಟ್ಟಿನ ದನಿಯಲ್ಲ. “ಏಳು ವರ್ಷ ಉಂಡ್ರಿ, ಮಾಸ್ತರ.”

“ಉಂಡೆ, ಯವ್ವಾ.”

ಇಷ್ಟಕ್ಕಿಂತ ಹೆಚ್ಚಿಗೆ ಆಕೆ ನನಗೆ ಏನೂ ಹೇಳಲಿಲ್ಲ, ಮುಂದೆಂದೂ ಹೇಳಲಿಲ್ಲ. ನನ್ನ ತಾಟಿನಲ್ಲಿ ತುಪ್ಪ ಹೆಪ್ಪುಗಟ್ಟುತ್ತಿತ್ತು.

ಆಮೇಲೆ ಗೋಡೆಗಲ್ಲ, ಎಮ್ಮೆಗಲ್ಲ, ಬಾಗಿಲ ಕಡೆ ಮುಖ ಮಾಡಿ, “ಮಾಯವ್ವಾ, ಒಳಗ ಬಾ. ಅಂವನ ಎಡಿಗೆ ನೀನ ಬಡಸು,” ಎಂದಳು.

ಮಾಯವ್ವ ಚೌಕಟ್ಟು ಬಿಡಲಿಲ್ಲ. “ಇವತ್ತ ಅಂವನ ದಿವಸ ಅಲ್ಲ, ಅತ್ತಿ.”

ಆಕೆಯ ಮಾತಿನಲ್ಲಿ ಕೊಂಕು ಇರಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಎಂಟು ವರ್ಷದ ಮೇಲೆ ಕರೆದ ಕರೆ ಕೂಡ ಸುಳ್ಳು ದಿನದ ಮೇಲೆ ಬಿದ್ದಿತ್ತು. ಅದಕ್ಕೂ ನಾನೇ ಕಾರಣ. ಶ್ರಾವಣದ ಪಂಚಮಿಯ ದಿನ ನನಗೇ ಏನೂ ಗೊತ್ತಿರಲಿಲ್ಲ, ಶೇಠನ ಕಾರ್ಡು ನೋಡಿದ್ದು ಅದಾಗಿ ಮೂರು ದಿನಕ್ಕೆ.

ಉದ್ದವ್ವ ಯಾರ ಮುಖವನ್ನೂ ನೋಡದೆ ಕೇಳಿದಳು, “ಆ ದಿವಸ ಮತ್ತ ಯಾವಾಗ ಬರ್ತೈತಿ?”

“ಈ ವರ್ಷದ್ದು ಹೋತವ್ವಾ,” ಎಂದೆ. “ಇನ್ನ ಮುಂದಿನ ಶ್ರಾವಣಕ್ಕ.”

“ಅಲ್ಲೀತನಾ ನಾ ಇರಬೇಕಲ್ಲ,” ಎಂದಳು ಮುದುಕಿ. ಹೆಬ್ಬೆರಳಿನಿಂದ ಬೆರಳ ಗೆಣ್ಣುಗಳನ್ನು ಒತ್ತುತ್ತ ಎಣಿಸತೊಡಗಿದಳು. ಆಶ್ವೀಜ, ಕಾರ್ತೀಕ, ಮಾರ್ಗಶಿರ, ಪುಷ್ಯ. ಅಲ್ಲಿಗೆ ಬಂದು ನಿಂತಳು. ಮತ್ತೆ ಮೊದಲಿನಿಂದ ಸುರು ಮಾಡಿದಳು, ಮತ್ತೆ ಪುಷ್ಯಕ್ಕೇ ನಿಂತಳು. ಪಡಸಾಲೆಯಲ್ಲಿ ಅಷ್ಟು ಜನರಿದ್ದರೂ ಯಾರಿಗೂ ಬಾಯಿ ಹಾಕುವ ಧೈರ್ಯವಾಗಲಿಲ್ಲ. ನನಗಂತೂ ತಿಂಗಳ ಹೆಸರು ಹೇಳುವ ಯೋಗ್ಯತೆಯೇ ಉಳಿದಿರಲಿಲ್ಲ.

“ಮಾಘ,” ಎಂದಳು ಮಾಯವ್ವ ಬಾಗಿಲಲ್ಲಿ ನಿಂತೇ.

“ಮಾಘ,” ಎಂದು ಉದ್ದವ್ವ ಬೆರಳು ಒತ್ತಿದಳು. “ಫಾಲ್ಗುಣ.”

ನಾನು ಎದ್ದೆ. ಕುಳಿತುಕೊಳ್ಳಿ ಎಂದು ಯಾರೂ ಹೇಳಲಿಲ್ಲ, ಹೋಗಿ ಎಂದೂ ಹೇಳಲಿಲ್ಲ. ಹೊರಗೆ ಬಂದು ಕೆರ ಮೆಟ್ಟಿಕೊಳ್ಳುವಷ್ಟರಲ್ಲಿ ಅವರಿಬ್ಬರೂ ಸೇರಿ ಚೈತ್ರಕ್ಕೆ ಬಂದಿದ್ದರು.